ಗರ್ಭಜಲದ ಕೋಶಗಳು ಎಲ್ಲಿಂದ ಬಂದವು?

ಆಮ್ನಿಯೋಸೆಂಟೆಸಿಸ್‌ನಲ್ಲಿ ಗರ್ಭಜಲದ ಜೀವಕೋಶಗಳನ್ನು ಬೆಳೆಸಿ ಮಗುವಿನ ಕ್ರೋಮೋಸೋಮುಗಳನ್ನು ಪರೀಕ್ಷಿಸುತ್ತಾರೆಂದು ಓದಿದ್ದೇವೆ. ಆ ಕೋಶಗಳ ಮೂಲ ಯಾವುದು? ಅವು ತಯಾರಿಸುವ ಕೊಲಾಜನ್ ಸುಳಿವು ಕೊಡುತ್ತದೆ.

ಚರ್ಮ, ಮೂಳೆಗಳಿಗೆ ಬಲ ಕೊಡುವ ಈ ಪ್ರೋಟೀನ್ ಮೂರೆಳೆಯ ಹುರಿಯಂತಿದೆ ಎಂದು 1954ರಲ್ಲಿ ಮದ್ರಾಸಿನಲ್ಲಿ ತೋರಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಮುಂದೆ ಯಶವಂತಪುರದ ಪಕ್ಕದ ಐಐಎಸ್‌ಸಿಯಲ್ಲಿ ಪ್ರಾಧ್ಯಾಪಕರಾದರು.

ಚರ್ಮದ ಕೋಶಗಳು ಮಾಡುವ ಒಂದನೇ ಬಗೆಯ ಕೊಲಾಜನ್‌ನಲ್ಲಿ ಎರಡು ಎಳೆ ಒಂದೇ ತೆರ, ಮೂರನೆಯದು ಬೇರೆ. ಗರ್ಭಜಲದ ಅನೇಕ ಕೋಶಗಳು ಮೂರೂ ಒಂದೇ ತೆರನಾದ ಹುರಿಯನ್ನೂ, ತಳಪೊರೆಗಳಲ್ಲಿ ಕಾಣುವ ನಾಲ್ಕನೇ ಬಗೆಯ ಕೊಲಾಜನನ್ನೂ ಮಾಡುತ್ತವೆ. ಹಾಗಾಗಿ ಅವು ಚರ್ಮದವಲ್ಲ, ಮಗುವನ್ನು ಸುತ್ತಿದ ಪೊರೆಗಳವು ಇರಬಹುದು.

ಇದು ತಿಳಿಯದಿದ್ದರೆ, ಮೂಳೆ ಸುಲಭವಾಗಿ ಮುರಿಯುವ ಆನುವಂಶಿಕ ಕಾಯಿಲೆಯನ್ನು ಹುಡುಕುವಾಗ ಆರೋಗ್ಯವಂತ ಮಗುವಿನ ಕೊಲಾಜನ್ನೇ ದೋಷವಾಗಿ ಕಾಣಬಹುದು. ಡಿಎನ್‌ಎ ಎಲ್ಲ ಕೋಶಗಳಲ್ಲೂ ಒಂದೇ, ಪ್ರೋಟೀನ್ ಹಾಗಲ್ಲ.