ರೊಟ್ಟಿ ಬಡಿಯುವ ಕೈಯೂ ಪತ್ತೇದಾರಿಯೂ

ಕಳೆದ ಬೇಸಗೆಯಲ್ಲಿ ಜಮಖಂಡಿಯ ನಮ್ಮ ಮನೆಗೆ ಬಂದಿದ್ದ ಸೊಸೆಯು ಪಡಸಾಲೆಯ ಮೂಲೆಯಲ್ಲಿ ಕುಳಿತು ಒಂದು ಇಂಗ್ಲಿಷ್ ಕಾದಂಬರಿಯನ್ನು ಎಷ್ಟು ತನ್ಮಯಳಾಗಿ ಓದುತ್ತಿದ್ದಳೆಂದರೆ, ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದೂ ಆಕೆಗೆ ತಿಳಿಯಲಿಲ್ಲ. ಅದೇನೆಂದು ಕೇಳಲು, "ಬಿಸ್ಕೀಟು ಸುಡೋ ಹೆಣ್ಮಗಳು ಕೊಲೆಗಾರನ್ನ ಹಿಡಿಯೋ ಕಥಿರಿ, ಮಾವಾರ" ಎಂದಳು. ನಾವು ನಕ್ಕೆವು. ಆದರೆ ಮರುದಿನ ಮಧ್ಯಾಹ್ನ ಆ ಪುಸ್ತಕವನ್ನು ಕೈಗೆತ್ತಿಕೊಂಡ ನಾವು ದೀಪ ಹಚ್ಚುವ ಹೊತ್ತಾದರೂ ಕೆಳಗಿಡಲಿಲ್ಲವೆಂಬುದನ್ನು ವಾಚಕರಿಂದ ಮುಚ್ಚಿಡುವುದೇಕೆ?

ಆ ಪುಸ್ತಕವನ್ನು ಬರೆದವರು ಅಮೇರಿಕೆಯ ಜೊಆನ್ ಫ್ಲೂಕ್ ಎಂಬ ಲೇಖಕಿ. ೨೦೦೦ನೆಯ ಇಸವಿಯಲ್ಲಿ ಹೊರಬಿದ್ದದ್ದು. ಮಿನೆಸೋಟಾ ಪ್ರಾಂತದ ಲೇಕ್ ಈಡನ್ ಎಂಬ ಕಲ್ಪಿತ ಸಣ್ಣ ಊರಿನಲ್ಲಿ ಹ್ಯಾನಾ ಸ್ವೆನ್ಸನ್ ಎಂಬ ಅವಿವಾಹಿತೆಯು ಬಿಸ್ಕೀಟಿನ ಅಂಗಡಿಯನ್ನಿಟ್ಟಿರುವಳು. ಒಂದು ಮುಂಜಾವಿನಲ್ಲಿ ಊರಿಗೆಲ್ಲ ಹಾಲು ಹಂಚುವವನು ಅವಳ ಅಂಗಡಿಯ ಹಿಂದೆಯೇ ತನ್ನ ಗಾಡಿಯಲ್ಲಿ ಗುಂಡೇಟಿನಿಂದ ಸತ್ತು ಬಿದ್ದಿರುತ್ತಾನೆ. ಅವಳ ತಂಗಿಯ ಗಂಡನು ಪೋಲೀಸಿನವನು. ಆದರೂ ಜನರ ಬಾಯಿಂದ ಸಂಗತಿ ಹೊರಡುವುದು ಅವನ ಮುಂದಲ್ಲ, ಬಿಸ್ಕೀಟಿನ ತಟ್ಟೆಯ ಮುಂದೆ. ಕಥೆಯ ನಡುನಡುವೆ ತಿಂಡಿ ಮಾಡುವ ವಿಧಾನವನ್ನೂ ಕೊಟ್ಟಿದ್ದಾರೆ. ಹೆಣವೊಂದು ಬಿದ್ದಿರುವಾಗ ಬೆಣ್ಣೆ ಸಕ್ಕರೆಗಳ ಅಳತೆಯನ್ನು ಓದುವುದು ನಮಗೆ ಮೊದಮೊದಲು ರಸಾಭಾಸವೆನಿಸಿತು. ಸೊಸೆಯು ಮಾತ್ರ ಆ ಪುಟಗಳಿಗೇ ಗುರುತು ಹಾಕಿಟ್ಟಿದ್ದಳು!

ಈ ಜಾತಿಯ ಕಥೆಗಳ ಹಿರಿಯಜ್ಜಿ ಆಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್. ೧೯೩೦ರ ಕಾದಂಬರಿಯಲ್ಲಿ ಬರುವ ಈ ವೃದ್ಧೆ ಉಣ್ಣೆ ಹೆಣೆಯುತ್ತ ಕುಳಿತು, ಕೊಲೆಗಾರನ ನಡತೆಯನ್ನು ತನ್ನ ಹಳ್ಳಿಯ ಯಾವನೋ ಒಬ್ಬನ ಸಣ್ಣ ಕಪಟದೊಡನೆ ಹೋಲಿಸಿ ನೋಡುವಳು. ಭೂತಗನ್ನಡಿಯಿಲ್ಲ, ಪಿಸ್ತೂಲಿಲ್ಲ, ನೆರೆಹೊರೆಯವರನ್ನು ನಾಲ್ವತ್ತು ವರ್ಷ ನೋಡಿದ ಕಣ್ಣೇ ಸಾಧನ.

ಇದೆಲ್ಲ ಪಾಶ್ಚಾತ್ಯರ ವಿನೋದವೆಂದು ತಳ್ಳಿಬಿಡಲು ನಮ್ಮ ಸಂಸ್ಕೃತದ ಓದು ಬಿಡದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹಠಾತ್ತಾಗಿ ಸತ್ತವನ ದೇಹವನ್ನು ಪರೀಕ್ಷಿಸುವ ಕ್ರಮಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಆಶುಮೃತಕಪರೀಕ್ಷೆ ಎಂದು ಅದರ ಹೆಸರು. ನಗರಾಡಳಿತವನ್ನು ಹೇಳುವಲ್ಲಿ, ಅನ್ನ ಮಾರುವವನೂ ಬೇಯಿಸಿದ ಮಾಂಸ ಮಾರುವವನೂ ಪರಿಚಿತರಿಗಷ್ಟೇ ಇಳಿದುಕೊಳ್ಳಲು ಎಡೆಗೊಡಬೇಕು, ಮಿತಿಮೀರಿ ಹಣ ಚೆಲ್ಲುವವರ ಸುದ್ದಿಯನ್ನು ಅಧಿಕಾರಿಗಳಿಗೆ ಮುಟ್ಟಿಸಬೇಕು ಎಂದು ವಿಧಿಸಿದೆ. ಊರಿಗೆ ಯಾರು ಬಂದರು, ಯಾರ ಕೈಯಲ್ಲಿ ಹಣ ಆಡುತ್ತಿದೆ ಎಂಬುದು ಅಡಿಗೆಯವನಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದೆಂದು ಆ ಚತುರನು ಬಲ್ಲ. ಅಪೂಪವೆಂದರೆ ಋಗ್ವೇದದ ಕಾಲದಿಂದಲೂ ಬಂದ ಕಜ್ಜಾಯ; ಅದನ್ನು ಮಾರುವವನು ಆಪೂಪಿಕ. ಶತ್ರುವಿನ ಪಾಳೆಯದಲ್ಲಿ ಆಪೂಪಿಕನ ವೇಷದ ಗೂಢಚಾರನು ವಿಷ ಬೆರೆಸಬಹುದೆಂದೂ ಕೌಟಿಲ್ಯನು ಹೇಳುತ್ತಾನೆ. ಅಮೇರಿಕೆಯ ಆಪೂಪಿಕೆಯು ಕೊಲೆಗಾರನನ್ನು ಹಿಡಿದರೆ, ನಮ್ಮವನು ತಾನೇ ಕೊಲ್ಲುತ್ತಾನೆ, ಭೇದ ಇಷ್ಟೇ.

ಕನ್ನಡದ ಮಾತಿಗೆ ಬಂದರೆ, ಎನ್. ನರಸಿಂಹಯ್ಯನವರನ್ನು (೧೯೨೫–೨೦೧೧) ನೆನೆಯದೆ ಮುಂದರಿಯಲಾಗದು. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಕಲಿತ ಈ ಮಹನೀಯರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಪುರುಷೋತ್ತಮ, ಅರಿಂಜಯರಂತಹ ಪತ್ತೇದಾರರನ್ನು ಮನೆಮನೆಯ ಮಾತಾಗಿಸಿದರು. ಅಕ್ಷರ ಬಲ್ಲವರನ್ನು ಓದುಗರನ್ನಾಗಿ ಮಾಡಿದ ಪುಣ್ಯ ಅವರದು. ಈ ಮಾತನ್ನು ನಾವು ಇಂದು ಬರೆಯುತ್ತೇವೆ. ಮಾಸ್ತರಿಕೆಯ ಕಾಲದಲ್ಲಿ ಇಂತಹ ಪುಸ್ತಕಗಳನ್ನು ಹುಡುಗರ ಕೈಯಿಂದ ಕಸಿದು ಕಪಾಟಿಗೆ ಹಾಕಿ ಕೀಲಿ ಜಡಿದವರೂ ನಾವೇ.

ಅದರಿಂದಾದ ಒಂದು ಅನ್ಯಾಯವನ್ನು ಹೇಳಲೇಬೇಕು. ೧೯೯೦ರ ಸುಮಾರಿಗೆ ನಾವು ಬನಹಟ್ಟಿಯ ಒಂದು ಓಣಿಯಲ್ಲಿ ಬಾಡಿಗೆಗಿದ್ದೆವು. ಸುತ್ತಲೂ ಮಗ್ಗದ ಸಪ್ಪಳ. ಎದುರು ಮನೆಯ ನೇಕಾರರು ಆಳುಗಳ ವಾರದ ಪಗಾರವನ್ನು ಪೆಟ್ಟಿಗೆಯಲ್ಲಿಟ್ಟು, ನೂಲು ತರಲು ಸೊಲ್ಲಾಪುರಕ್ಕೆ ಹೋಗಿ ಮರಳುವಷ್ಟರಲ್ಲಿ ಹಣ ಮಾಯವಾಗಿತ್ತು. ಅಲ್ಲಿ ಕಂಡಿಕೆ ಸುತ್ತುತ್ತಿದ್ದ ಹುಡುಗನ ಮೇಲೆ ಸಂಶಯ ಬಿತ್ತು. ಅವನು ನಮ್ಮ ಶಿಷ್ಯ; ತಂದೆಯಿಲ್ಲದವನು. ಅವನ ಪಾಟಿಚೀಲವನ್ನು ಶೋಧಿಸಿದವರು ನಾವೇ. ಹಣವಿರಲಿಲ್ಲ, ಪತ್ತೇದಾರಿ ಕಾದಂಬರಿಯೊಂದಿತ್ತು. ಕಳ್ಳರ ಕಥೆ ಓದುವವನು ಕಳ್ಳನಾಗದೆ ಏನಾದಾನೆಂದು ಬಗೆದು, "ಒಪ್ಪಿಕೊಂಡುಬಿಡು" ಎಂದು ಎಲ್ಲರೆದುರಿಗೆ ಗದರಿಸಿದೆವು. ಹುಡುಗನು ಅಳಲಿಲ್ಲ. ಮರುದಿನದಿಂದ ಶಾಲೆಗೆ ಬರಲಿಲ್ಲ.

ಆ ಓಣಿಗೆಲ್ಲ ರೊಟ್ಟಿ ಬಡಿದು ಕೊಡುತ್ತಿದ್ದ ಒಬ್ಬ ಆಯಿ ಇದ್ದಳು. ಯಾರ ಮನೆಗೆ ಜೋಳದವು ಎಷ್ಟು, ಯಾರಿಗೆ ತೆಳ್ಳಗೆ, ಯಾರಿಗೆ ಕಡಕ್ ಎಂಬುದೆಲ್ಲ ಅವಳಿಗೆ ಕಂಠಪಾಠ. ಎದುರು ಮನೆಗೆ ನಿತ್ಯ ಹನ್ನೆರಡು ಜೋಳದ ರೊಟ್ಟಿ ಹೋಗುತ್ತಿದ್ದವು. ಯಜಮಾನರು ಊರಲ್ಲಿಲ್ಲದ ಆ ರಾತ್ರಿ ಮಾತ್ರ, ಹನ್ನೆರಡರ ಜೊತೆಗೆ ನಾಲ್ಕು ಸಜ್ಜೆ ರೊಟ್ಟಿಯೂ ಹೋಗಿದ್ದವು. ಆ ಮನೆತನದಲ್ಲಿ ಸಜ್ಜೆಗೆ ಆಸೆಬಡುವವನು ಒಬ್ಬನೇ: ಪಾಲಿನ ಜಗಳದಿಂದ ಬೇರೆಯೂರಲ್ಲಿದ್ದ ಯಜಮಾನರ ತಮ್ಮ. ಅಣ್ಣನಿಲ್ಲದ ವೇಳೆ ಬಂದ ಮೈದುನನಿಗೆ ಮನೆಯಾಕೆ ಕರುಳು ಕರಗಿ ಉಣಬಡಿಸಿದ್ದಳು. ನಸುಕಿನಲ್ಲೇ ಅವನು ಹೊರಟುಹೋಗಿದ್ದ. ಗಂಡನಿಗೆ ಹೆದರಿ ಆಕೆ ಬಾಯಿ ಬಿಟ್ಟಿರಲಿಲ್ಲ.

ಆಯಿ ಕಟ್ಟೆಯ ಮೇಲೆ ಪಂಚಾಯಿತಿ ಕೂಡಿಸಲಿಲ್ಲ. ಹಿತ್ತಲ ಬಾಗಿಲಿಂದ ಹೋಗಿ, "ನೀ ಉಣ್ಣಾಕ ಇಟ್ಟದ್ದು ತಪ್ಪಲ್ಲ ಯವ್ವಾ, ಆದರ ಆ ಹುಡುಗನ ಹೆಸರ ಕೆಟ್ಟೈತಿ, ನೀನ ನಿನ್ನ ಗಂಡಗ ಹೇಳು" ಎಂದಳಂತೆ. ಆಕೆ ಹೇಳಿದಳು. ಎರಡು ದಿನ ಆ ಮನೆಯಲ್ಲಿ ಮಗ್ಗ ನಡೆಯಲಿಲ್ಲ. ತಮ್ಮನು ಒಪ್ಪಿಕೊಂಡನು, ಹಣದಲ್ಲಿ ಅರ್ಧ ಮರಳಿ ಬಂದಿತು. ಪೋಲೀಸರವರೆಗೆ ಸುದ್ದಿ ಹೋಗಲಿಲ್ಲ. ಅಮೇರಿಕೆಯ ಕಥೆಗಳಂತೆ ಊರನ್ನೆಲ್ಲ ನಡೆಸಿ ಅಪರಾಧಿಯನ್ನು ಬೆರಳೆತ್ತಿ ತೋರಿಸುವುದು ನಮ್ಮ ಓಣಿಗಳಲ್ಲಿ ನಡೆಯದು. ಇಲ್ಲಿ ಪತ್ತೆಯಾದ ಮೇಲೂ ಎಲ್ಲರೂ ಒಂದೇ ಬಾವಿಯ ನೀರು ಸೇದಬೇಕಷ್ಟೆ.

ಬಾಗಲಕೋಟೆಯ ಕೆರೂರು ವಾಸುದೇವಾಚಾರ್ಯರು ಶೇಕ್ಸ್‌ಪಿಯರನ ವೆನಿಸ್ಸಿನ ವರ್ತಕನನ್ನು 'ಸುರತನಗರದ ಶ್ರೇಷ್ಠಿ'ಯನ್ನಾಗಿ ಮಾಡಿದರು. ಹಾಗೆಯೇ ನಮ್ಮ ತರುಣ ಲೇಖಕಿಯರು ಈ ಬಿಸ್ಕೀಟಿನವಳನ್ನು ಮುಧೋಳದ ಖಾನಾವಳಿಗೋ ಬೀಳಗಿಯ ಸಂತೆಗೋ ಕರೆತಂದರೆ ಎಷ್ಟು ಚೆನ್ನ! ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನ ಊರು ಮುಧೋಳ. ಒಳಮನೆಯ ಗುಟ್ಟುಗಳು ಬಳೆಗಾರನ ಮಲಾರಕ್ಕೂ ತಿಳಿದಿರುತ್ತಿದ್ದವು.

ಹುಡುಗನ ವಿಷಯ ಉಳಿಯಿತು. ಹನ್ನೊಂದನೆಯ ದಿನ ನಾವೇ ಅವನ ಮನೆಗೆ ಹೋದೆವು. ತಾಯಿಯು ಚಾಪೆ ಹಾಸಿ, ಚಹ ಕೊಟ್ಟು, ಒಂದು ಮಾತನ್ನೂ ಆಡದೆ ಕಂಡಿಕೆ ಸುತ್ತತೊಡಗಿದಳು. ನಮ್ಮದು ತಪ್ಪಾಯಿತೆಂದು ಹೇಳಿ ಪುಸ್ತಕವನ್ನು ಹುಡುಗನ ಕೈಗಿತ್ತೆವು. ಅವನು ಹಾಳೆ ತಿರುವಿ, "ಗುರುಗಳ, ಕಡೀ ಹಾಳಿ ಹರದೈತ್ರಿ, ನೀವು ಓದೀರೇನ್ರಿ? ಯಾರ್ರೀ ಕಳ್ಳ?" ಎಂದನು. ಕಪಾಟಿಗೆ ಹಾಕುವ ಮುನ್ನ ಒಂದೇ ರಾತ್ರಿಯಲ್ಲಿ ಅದನ್ನು ಓದಿ ಮುಗಿಸಿದ್ದ ನಾವು, ಸೋಮವಾರ ಶಾಲೆಗೆ ಬಂದರೆ ಹೇಳುವೆವೆಂದೆವು. ಅವನು ಬಂದನು.