ಕಣ್ಮರೆಯಾದ ವಿಮಾನವೂ ಜನರ ಮಾತೂ

ನಮ್ಮ ಊರಿನ ಹೆಸರಿನಲ್ಲಿ ಸಮುದ್ರವಿದೆ, ಊರಿನಲ್ಲಿಲ್ಲ. ಹಿಂದಿನವರು ದೊಡ್ಡ ಕೆರೆಯನ್ನೂ ಸಮುದ್ರವೆಂದೇ ಕರೆಯುತ್ತಿದ್ದರು. ಬ್ರಹ್ಮಸಮುದ್ರ, ಬುಕ್ಕರಾಯಸಮುದ್ರಗಳಂತಹ ಹೆಸರುಗಳು ಈ ಬರದ ಸೀಮೆಯಲ್ಲಿ ಹಾಗೆ ಉಳಿದುಬಂದಿವೆ. ಇಲ್ಲಿಯ ಮಕ್ಕಳು ಕಣ್ಣಾರೆ ಕಂಡ ಅತಿ ದೊಡ್ಡ ನೀರೆಂದರೆ ವೇದಾವತಿಗೆ ಅಡ್ಡಲಾಗಿ ಕಟ್ಟಿರುವ ಭೈರವಾನಿತಿಪ್ಪೆಯ ಜಲಾಶಯ. ಅಂತಹ ಮಕ್ಕಳಿಗೆ ಮಹಾಸಾಗರದಲ್ಲಿ ಒಂದು ವಿಮಾನ ಕಾಣೆಯಾಗುವುದೆಂದರೆ ಏನೆಂದು ತಿಳಿಸುವುದು ಉಪಾಧ್ಯಾಯರಿಗೆ ಸುಲಭದ ಕೆಲಸವಲ್ಲ.

2014ರ ಮಾರ್ಚ್ 8ರ ನಡುರಾತ್ರಿ ಕಳೆದ ಮೇಲೆ ಕ್ವಾಲಾಲಂಪುರದಿಂದ ಬೀಜಿಂಗಿಗೆ ಹೊರಟ ಮಲೇಷ್ಯಾದ ಎಂ.ಎಚ್. 370 ವಿಮಾನ, 239 ಜನರೊಡನೆ ಕಣ್ಮರೆಯಾದ ಸಂಗತಿ ಓದುಗರ ನೆನಪಿನಲ್ಲಿರಬಹುದು. ಅದರಲ್ಲಿ ಐವರು ಭಾರತೀಯರಿದ್ದರು. ವಿಮಾನ ಹೊರಟು ಒಂದು ಗಂಟೆ ತುಂಬುವ ಮೊದಲೇ ನಿಯಂತ್ರಣ ಕೇಂದ್ರದ ಪರದೆಯಿಂದ ಅದರ ಗುರುತು ಅಳಿಸಿಹೋಯಿತು. ಅದು ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿದ್ದನ್ನು ಸೈನ್ಯದ ರಾಡಾರ್ ದಾಖಲೆಗಳಿಂದಲೂ, ಬೆಳಗಿನ ಎಂಟು ಗಂಟೆಯ ತನಕ ಹಾರುತ್ತಲೇ ಇದ್ದುದನ್ನು ಉಪಗ್ರಹದೊಡನೆ ನಡೆದ ಯಾಂತ್ರಿಕ ಸಂಕೇತ ವಿನಿಮಯದಿಂದಲೂ ತಜ್ಞರು ಆಮೇಲೆ ಲೆಕ್ಕ ಹಾಕಿ ತೆಗೆದರು. ಆ ಲೆಕ್ಕವನ್ನು ನಂಬಿ ದಕ್ಷಿಣ ಹಿಂದೂ ಮಹಾಸಾಗರದ ತಳದಲ್ಲಿ 1,20,000 ಚದರ ಕಿಲೋಮೀಟರ್ ಶೋಧಿಸಿ, 2017ರ ಜನವರಿಯಲ್ಲಿ ಕೈಬಿಟ್ಟರು. ವಿಭಜನೆಗೆ ಮುಂಚಿನ ನಮ್ಮ ಅನಂತಪುರ ಜಿಲ್ಲೆಯನ್ನು ಆರು ಸಲ ಹಾಸಿದರೂ ಆ ವಿಸ್ತೀರ್ಣ ಪೂರ್ತಿ ಮುಚ್ಚದು. ಅದೂ ನಾಲ್ಕು ಕಿಲೋಮೀಟರ್ ಆಳದ ಕತ್ತಲಿನಲ್ಲಿ! ದೊರೆತದ್ದು ರೆಕ್ಕೆಯ ಒಂದು ಭಾಗವೂ ಕೆಲವು ಚೂರುಗಳೂ ಮಾತ್ರ; ಅವು ಕೂಡ 2015ರ ಜುಲೈಯಿಂದೀಚೆಗೆ ರಿಯೂನಿಯನ್ ದ್ವೀಪ, ಆಫ್ರಿಕಾದ ಕರಾವಳಿ ಮೊದಲಾದೆಡೆ ತಾವಾಗಿ ತೇಲಿಬಂದು ದಡ ಸೇರಿದವು.

ನಾವು ಹೇಳಹೊರಟದ್ದು ವಿಮಾನದ ಮಾತಲ್ಲ, ಜನರ ಮಾತು. ಲೋಕದ ನಾನಾ ಕಡೆಯ ಲಕ್ಷಾಂತರ ಸಾಮಾನ್ಯರು ತಮ್ಮ ಮನೆಗಳಲ್ಲಿ ಕುಳಿತು ಉಪಗ್ರಹ ಚಿತ್ರಗಳಲ್ಲಿ ವಿಮಾನದ ಚೂರುಗಳಿಗಾಗಿ ಹುಡುಕಿದರು, ಇದು ಹೃದಯವಂತಿಕೆ. ಕ್ವಾಲಾಲಂಪುರದ ವಿಮಾನ ನಿಲ್ದಾಣಕ್ಕೆ ಮಂತ್ರವಾದಿಯೊಬ್ಬ ತೆಂಗಿನಕಾಯಿಗಳೊಡನೆ ಬಂದ. ಅವನನ್ನು ಕಂಡು ನಗುವ ಹಕ್ಕು ಅಂಜನ ಹಾಕಿಸಿ ಕಳೆದ ದನವನ್ನು ಹುಡುಕುವ ನಮ್ಮ ಸೀಮೆಯವರಿಗೆ ಇಲ್ಲ. ಆದರೆ ವಿಮಾನವನ್ನು ಗುಟ್ಟಾಗಿ ಯಾವುದೋ ದ್ವೀಪದಲ್ಲಿ ಇಳಿಸಿದ್ದಾರೆ, ಪ್ರಯಾಣಿಕರು ಬದುಕಿದ್ದಾರೆ ಎಂದು ಆಧಾರವಿಲ್ಲದೆ ಪ್ರತಿ ಸಂಜೆ ಬಿತ್ತರಿಸಿದವರ ಕೆಲಸವನ್ನು ಏನೆನ್ನಬೇಕು? ಗಡಿನಾಡಿನವರಾದ ನಮಗೆ ತೆಲುಗು ವಾಹಿನಿಗಳೂ ಕನ್ನಡ ವಾಹಿನಿಗಳೂ ಲಭ್ಯ. ಆದ್ದರಿಂದ ವದಂತಿಯೂ ಎರಡು ಭಾಷೆಗಳಲ್ಲಿ ದೊರೆಯಿತು.

ಕಾಣೆಯಾದವರ ಮೊಬೈಲಿಗೆ ಕರೆ ಮಾಡಿದಾಗ ಗಂಟೆ ಬಾರಿಸಿತೆಂಬ ಸುದ್ದಿ ಆಗ ಬಹಳ ಓಡಾಡಿತು. ಕರೆ ಮಾಡಿದವರ ಕಿವಿಗೆ ಬೀಳುವ ಆ ಸದ್ದನ್ನು ಹುಟ್ಟಿಸುವುದು ದೂರವಾಣಿಯ ಜಾಲ. ಆ ಕಡೆಯ ಯಂತ್ರವನ್ನು ಅರಸುತ್ತಿರುವಾಗಲೇ ಅದು ಕೇಳಿಸಬಹುದು, ಯಂತ್ರ ನೀರಿನ ತಳದಲ್ಲಿದ್ದರೂ ಕೇಳಿಸಬಹುದು. ಇದನ್ನು ತಿಳಿದವರು ಹೇಳಿದರು. ಆದರೆ ಗಂಟೆಯ ಸದ್ದನ್ನು ಕೇಳಿದ ತಾಯಿಗೆ ಈ ವಿವರಣೆ ಹಿಡಿಸುವುದುಂಟೆ?

ಇಂತಹ ತಳಮಳ ನಮ್ಮ ರಾಯಲಸೀಮೆಗೆ ಅಪರಿಚಿತವಲ್ಲ. 2009ರ ಸೆಪ್ಟೆಂಬರ್ 2ರಂದು ಅಂದಿನ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರಿದ್ದ ಹೆಲಿಕಾಪ್ಟರ್ ಹೈದರಾಬಾದಿನಿಂದ ಚಿತ್ತೂರಿಗೆ ಹೊರಟು ನಲ್ಲಮಲೆಯ ಕಾಡಿನ ಮೇಲೆ ಕಣ್ಮರೆಯಾಯಿತು. ಸುರಕ್ಷಿತವಾಗಿ ಇಳಿದಿದ್ದಾರೆಂಬ ಸುದ್ದಿ ಅಂದು ಹಬ್ಬಿತ್ತು. ನಂಬಲು ಎಲ್ಲರಿಗೂ ಆಸೆ. ಮರುದಿನ ಬೆಳಿಗ್ಗೆ ಬೆಟ್ಟದ ನೆತ್ತಿಯಲ್ಲಿ ಅವಶೇಷ ಸಿಕ್ಕಿ, ಐವರೂ ತೀರಿಕೊಂಡಿರುವುದು ಖಚಿತವಾಯಿತು. ಆ ಒಂದು ರಾತ್ರಿಯನ್ನೇ ನಮ್ಮವರು ಇಂದಿಗೂ ಯುಗವೆಂಬಂತೆ ನೆನೆಯುತ್ತಾರೆ. ವರ್ಷಗಟ್ಟಲೆ ಕಾದವರ ಪಾಡನ್ನು ಅದರಿಂದ ಊಹಿಸಿಕೊಳ್ಳಬಹುದು.

ಜನಸಾಮಾನ್ಯರು ಹೇಗೆ ನಡೆದುಕೊಳ್ಳಬಲ್ಲರು ಎಂಬುದಕ್ಕೆ ಐರ್ಲೆಂಡಿನ ಉದಾಹರಣೆಯಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬಿಗೆ ಸಿಡಿದು ಆ ದೇಶದ ಸಮೀಪದ ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. 329 ಜನ ಮಡಿದರು. ದೊರೆತ ದೇಹಗಳು ಅರ್ಧದಷ್ಟೂ ಇಲ್ಲ. ಹುಡುಕಿಕೊಂಡು ಕಾರ್ಕ್ ನಗರಕ್ಕೆ ಬಂದ ಬಂಧುಗಳನ್ನು ಅಲ್ಲಿಯವರು ಭಾಷೆ, ಮತ ಒಂದನ್ನೂ ಕೇಳದೆ ಸಂತೈಸಿದರು. ಅಹಾಕಿಸ್ಟ ಎಂಬ ಕಡಲಂಚಿನ ಪುಟ್ಟ ಹಳ್ಳಿಯಲ್ಲಿ ಮರುವರ್ಷ ಸ್ಮಾರಕವೊಂದು ಎದ್ದಿತು. ಅದು ಒಂದು ನೆರಳುಗಡಿಯಾರ. ದೇಹ ಸಿಗದವರ ಮನೆಯವರಿಗೆ ಹೋಗಿ ನಿಲ್ಲಲು ಅದೊಂದು ನೆಲೆಯಾಯಿತು.

ನಮಗೆ ಇನ್ನೂ ಹತ್ತಿರದ ಪ್ರಕರಣವೆಂದರೆ 2016ರ ಜುಲೈ 22ರದು. ಮದರಾಸಿನ ತಾಂಬರಂನಿಂದ ಪೋರ್ಟ್ ಬ್ಲೇರಿಗೆ ಹೊರಟ ವಾಯುಪಡೆಯ ಎಎನ್-32 ವಿಮಾನ 29 ಜನರೊಡನೆ ಬಂಗಾಳ ಕೊಲ್ಲಿಯ ಮೇಲೆ ಮಾಯವಾಯಿತು. ಅವರಲ್ಲಿ ಎಂಟು ಮಂದಿ ವಿಶಾಖಪಟ್ಟಣದ ನೌಕಾ ಶಸ್ತ್ರಾಗಾರದ ನೌಕರರು, ಸೈನಿಕರಲ್ಲ. ಹಡಗು, ವಿಮಾನ, ಉಪಗ್ರಹ ಎಲ್ಲವೂ ಹುಡುಕಿದವು. ಸೆಪ್ಟೆಂಬರ್ ತಿಂಗಳಲ್ಲಿ, ವಿಮಾನದಲ್ಲಿದ್ದವರೆಲ್ಲ ಮೃತರೆಂದು ಭಾವಿಸಬೇಕೆಂಬ ಪತ್ರ ಮನೆಗಳಿಗೆ ತಲುಪಿತು.

ಭಾವಿಸಬೇಕು ಎಂಬ ಈ ಪದ ಕಾಯಿದೆಯದು. ಏಳು ವರ್ಷ ಸುದ್ದಿಯೇ ಇಲ್ಲದವನು ಬದುಕಿದ್ದಾನೆಂದು ರುಜುವಾತುಪಡಿಸುವ ಹೊಣೆ ಹಾಗೆ ಹೇಳುವವನದು ಎಂದು ಹಳೆಯ ಸಾಕ್ಷ್ಯ ಕಾಯಿದೆಯ 108ನೆಯ ಕಲಮು ಹೇಳುತ್ತಿತ್ತು; 2023ರ ಭಾರತೀಯ ಸಾಕ್ಷ್ಯ ಅಧಿನಿಯಮ ಅದನ್ನೇ 111ನೆಯ ಕಲಮಿನಲ್ಲಿ ಉಳಿಸಿಕೊಂಡಿದೆ. ಇಂತಹ ದುರಂತಗಳಲ್ಲಿ ಸರ್ಕಾರ ಅಷ್ಟು ಕಾಯದೆ ತೀರ್ಮಾನಿಸುವುದು ಪಿಂಚಣಿ, ಪರಿಹಾರಗಳು ತಡವಾಗಬಾರದೆಂದು, ಅದರಲ್ಲಿ ನಿರ್ದಯೆಯಿಲ್ಲ. ನಮ್ಮ ಹಿರಿಯರ ಶಾಸ್ತ್ರವೂ ದೇಶಾಂತರ ಹೋಗಿ ಸುದ್ದಿಯಿಲ್ಲದವನಿಗೆ ಹನ್ನೆರಡು ವರ್ಷ ಕಾದು, ಆಮೇಲೆ ಮುತ್ತುಗದ ಎಲೆಗಳಿಂದ ಆಕಾರ ರಚಿಸಿ ದಹಿಸಲು ಹೇಳಿದೆ. ಪಾಲಾಶವಿಧಿಯೆಂದು ಅದರ ಹೆಸರು. ಆದರೆ ಹೆಂಡತಿ ಕುಂಕುಮ ಅಳಿಸಬೇಕೆ ಬೇಡವೇ ಎಂದು ನೆರೆಹೊರೆಯವರು ಮೂರನೆಯ ದಿನಕ್ಕೇ ಚರ್ಚೆಗೆ ಕೂರುವುದನ್ನು ಕಾಯಿದೆಯೂ ಹೇಳಿಲ್ಲ, ಶಾಸ್ತ್ರವೂ ಹೇಳಿಲ್ಲ. ಆ ಮನೆಗೆ ಹೋಗಿ ಮಕ್ಕಳನ್ನು ಶಾಲೆಗೆ ಕಳುಹಿಸಿಕೊಡುವಿರಾ ಎಂದು ಕೇಳುವವರು, ಅರ್ಜಿ ಬರೆದುಕೊಡುವವರು ಬೇಕು. ಕಣಿ ಹೇಳುವವರು ಬೇಡ.

ಮಲೇಷ್ಯಾದ ವಿಮಾನಕ್ಕಾಗಿ 2025ರಲ್ಲಿ, ಸಿಕ್ಕಿದರೆ ಮಾತ್ರ ಹಣ ಎಂಬ ಕರಾರಿನ ಮೇಲೆ, ಮತ್ತೆ ಶೋಧಕ್ಕೆ ಒಪ್ಪಂದವಾಯಿತು. ಬಂಗಾಳ ಕೊಲ್ಲಿಯ ಕಥೆಯಾದರೋ ಬೇರೆ ರೀತಿ ಮುಗಿಯಿತು. ಮದರಾಸಿನಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಚಾಲಕರಿಲ್ಲದ ಜಲಾಂತರ ವಾಹನವೊಂದು ಕರಾವಳಿಯಿಂದ ಸುಮಾರು 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದಲ್ಲಿ ತೆಗೆದ ಚಿತ್ರಗಳಲ್ಲಿ ವಿಮಾನವೊಂದರ ಅವಶೇಷಗಳು ಕಂಡವು. ಅವು ಎಎನ್-32ರ ರಚನೆಗೆ ಹೊಂದುತ್ತವೆಂದು 2024ರ ಜನವರಿಯಲ್ಲಿ ಸರ್ಕಾರ ಪ್ರಕಟಿಸಿತು. ಪತ್ರ ಬಂದು ಏಳು ವರ್ಷ ಕಳೆದಿತ್ತು.