ಸೈಕಲ್ಲಿಗೆ ಜಾಗ ಮೇಲಿದೆ

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯ ನಮ್ಮ ವ್ಯಾಪಾರಿ ಮನೆತನಗಳ ಹಳೆಯ ಮನೆಗಳು ಹೆಚ್ಚುಕಡಿಮೆ ಒಂದೇ ಮಾದರಿಯವು. ಮುಂದೆ ಅಂಗಡಿ, ನಡುವೆ ಇಕ್ಕಟ್ಟಾದ ದಾರಿ, ಒಳಗೆ ಅಡಿಗೆಮನೆ, ಹಿತ್ತಲಲ್ಲಿ ಒಂದು ಶೆಡ್ಡು. ಹಿಂದಿನವರ ಕಾಲಕ್ಕೆ ಆ ಶೆಡ್ಡಿನಲ್ಲಿ ಚಕ್ಕಡಿ ನಿಲ್ಲುತ್ತಿತ್ತು. ಈಗ ಸ್ಕೂಟರು ನಿಲ್ಲುತ್ತದೆ, ಅನುಕೂಲವಿದ್ದವರಲ್ಲಿ ಕಾರು. ತೊಗರಿಯ ಸುಗ್ಗಿ ಬಂದಿತೆಂದರೆ ಅಲ್ಲಿಯೇ ಚೀಲಗಳ ಥಪ್ಪಿಯೂ ಏಳುತ್ತದೆ. ಇಷ್ಟೆಲ್ಲದರ ನಡುವೆ ತನ್ನದೆಂಬ ಜಾಗವಿಲ್ಲದ ವಸ್ತು ಒಂದೇ, ಅದು ಮನೆಯ ಸೈಕಲ್ಲು.

ಜಾಗವಿಲ್ಲದ ವಸ್ತು ದಾರಿಯಲ್ಲಿ ನಿಲ್ಲುತ್ತದೆ. ನಮ್ಮ ಓಣಿಯ ಹಿರಿಯರೊಬ್ಬರು ರಾತ್ರಿ ನೀರು ಕುಡಿಯಲೆಂದು ಎದ್ದವರು, ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಪೆಡಲಿಗೆ ಎಡವಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಅನಂತರ ಅವರು ಕೋಲಿಲ್ಲದೆ ನಡೆಯಲಿಲ್ಲ. ಇನ್ನೊಂದು ನಷ್ಟವೂ ಇದೆ. ಚೀಲಗಳ ಹಿಂದೆ ಸಿಕ್ಕಿಕೊಂಡ ಸೈಕಲ್ಲನ್ನು ದಿನಾಲು ಹೊರಗೆ ತೆಗೆಯುವವರು ಯಾರು? ಎರಡು ತಿಂಗಳು ಅದು ಅಲ್ಲಿಯೇ ಉಳಿಯುತ್ತದೆ. ಅಷ್ಟರಲ್ಲಿ ಮೊಮ್ಮಕ್ಕಳಿಗೆ ಶಾಲೆಗೂ ಸ್ಕೂಟರಿನ ಮೇಲೆಯೇ ಬಿಡಬೇಕೆಂಬ ರೂಢಿ ಬಿದ್ದಿರುತ್ತದೆ. ರೂಢಿ ತಪ್ಪಿದ ಸೈಕಲ್ಲು ಮುಂದೆ ಗುಜರಿಯವನ ತಕ್ಕಡಿಗೆ ಹೋಗುತ್ತದೆ.

ವ್ಯಾಪಾರಿಯ ಲೆಕ್ಕದಲ್ಲಿ ನೋಡೋಣ. ದೊಡ್ಡವರ ಒಂದು ಸೈಕಲ್ಲಿಗೆ ಸುಮಾರು 6 ಅಡಿ ಉದ್ದ, 2 ಅಡಿ ಅಗಲ ಬೇಕು. ಅಂದರೆ 12 ಚದರ ಅಡಿ. ಮನೆಯಲ್ಲಿ ಮೂರು ಸೈಕಲ್ಲುಗಳಿದ್ದರೆ 36 ಚದರ ಅಡಿ ನೆಲ ಹೋಯಿತು. ನೆಲದಲ್ಲಿ ಗೇಣು ಜಾಗಕ್ಕೆ ಪರದಾಡುವ ನಾವು ತಲೆಯ ಮೇಲಿನ ಜಾಗವನ್ನು ಮಾತ್ರ ಜೇಡನಿಗೆ ಬಿಟ್ಟುಕೊಟ್ಟಿದ್ದೇವೆ. ಸೈಕಲ್ಲನ್ನು ಅಲ್ಲಿಗೆ ಏರಿಸಬಹುದು. ಅದಕ್ಕೆ ಬೇಕಾದದ್ದು ಹಗ್ಗ ಮತ್ತು ಗಡಗಡಿ.

ಗಡಗಡಿ ನಮಗೆ ಹೊಸದಲ್ಲ. ಶಾಲೆಯ ಪುಸ್ತಕದಲ್ಲಿ ಇದನ್ನೇ ರಾಟೆ ಎಂದು ಓದಿದ್ದೇವೆ. ನಮ್ಮ ತಾಯಂದಿರು ಬಾವಿಯಿಂದ ನೀರು ಸೇದಿದ್ದು ಇದರಿಂದಲೇ. ಆದರೆ ಬಾವಿಯ ಗಡಗಡಿ ಭಾರವನ್ನು ಕಡಿಮೆ ಮಾಡುವುದಿಲ್ಲ, ಎಳೆಯುವ ದಿಕ್ಕನ್ನಷ್ಟೇ ಬದಲಿಸುತ್ತದೆ. 20 ಕಿಲೋ ಕೊಡಕ್ಕೆ 20 ಕಿಲೋ ಬಲವನ್ನೇ ಹಾಕಬೇಕು. ಭಾರ ಕಡಿಮೆಯಾಗಬೇಕಾದರೆ ಇನ್ನೊಂದು ಗಡಗಡಿ ಸಾಮಾನಿನ ಜೊತೆಗೇ ಮೇಲೆ ಕೆಳಗೆ ಹೋಗುವಂತಿರಬೇಕು. ಹಗ್ಗದ ಒಂದು ತುದಿಯನ್ನು ತೊಲೆಗೆ ಕಟ್ಟಿ, ಹಗ್ಗವನ್ನು ಕೆಳಗಿನ ಗಡಗಡಿಯಲ್ಲಿ ಹಾಯಿಸಿ ಮತ್ತೆ ಮೇಲಕ್ಕೆ ಒಯ್ದರೆ, ಅರ್ಧ ಭಾರವನ್ನು ತೊಲೆ ಹೊರುತ್ತದೆ, ಇನ್ನರ್ಧ ನಮ್ಮ ಕೈಗೆ ಬರುತ್ತದೆ. ಹಳೆಯ ಮಾದರಿಯ ಗಟ್ಟಿ ಸೈಕಲ್ಲು ಸುಮಾರು 20 ಕಿಲೋ ತೂಗುತ್ತದೆ. ಹೀಗೆ ಎಳೆದರೆ ಕೈಗೆ ಬೀಳುವುದು 10 ಕಿಲೋ, ಮೇಲೆ ಗಡಗಡಿಯ ತಿಕ್ಕಾಟಕ್ಕೆ ಒಂದೆರಡು ಕಿಲೋ. ಹೆಣ್ಣುಮಕ್ಕಳೂ ವಯಸ್ಸಾದವರೂ ಏರಿಸಬಹುದು. ಪುಕ್ಕಟೆ ಮಾತ್ರ ಏನೂ ಸಿಗದು. ಬಲ ಅರ್ಧವಾದರೆ ಹಗ್ಗ ಎರಡು ಪಟ್ಟು. ಸೈಕಲ್ಲು 6 ಅಡಿ ಮೇಲೇರಬೇಕಾದರೆ 12 ಅಡಿ ಹಗ್ಗ ಎಳೆಯಬೇಕು.

ಇನ್ನು ಜೋಡಣೆ. ಸೈಕಲ್ಲಿಗೆ ಎರಡು ಕೊಕ್ಕೆಗಳು ಬೇಕು. ಒಂದು ಹ್ಯಾಂಡಲಿಗೆ, ಇನ್ನೊಂದು ಸೀಟಿನ ಬುಡಕ್ಕೆ. ಹಿಂದಿನ ಕ್ಯಾರಿಯರಿಗೆ ಕೊಕ್ಕೆ ಹಾಕಬಾರದು, ಅದರ ಸಣ್ಣ ಸ್ಕ್ರೂಗಳು ಈ ಭಾರಕ್ಕೆ ಮಾಡಿದವಲ್ಲ. ಪ್ರತಿ ಕೊಕ್ಕೆಯ ಮೇಲೊಂದು ಚಲಿಸುವ ಗಡಗಡಿ, ಅದರ ನೇರಕ್ಕೆ ತೊಲೆಯಲ್ಲಿ ಒಂದು ಸ್ಥಿರ ಗಡಗಡಿ. ಎರಡೂ ಹಗ್ಗಗಳು ತೊಲೆಯಿಂದ ಗೋಡೆಯ ಕಡೆಗೆ ಬಂದು, ಅಲ್ಲಿ ಎರಡು ಗಾಡಿಯಿರುವ ಒಂದು ಜೋಡಿ ಗಡಗಡಿಯ ಮೇಲಿಂದ ಕೆಳಗಿಳಿಯಬೇಕು. ಹಗ್ಗಗಳ ತುದಿಗಳನ್ನು ಕೂಡಿಸಿ ದಪ್ಪ ಗಂಟು ಹಾಕಿದರೆ ಅವು ಗಡಗಡಿಯಿಂದ ಜಾರಿ ಹೋಗುವುದಿಲ್ಲ. ಮಾಳಿಗೆ 10 ಅಡಿ ಎತ್ತರವಿದ್ದರೆ ಪ್ರತಿ ಕೊಕ್ಕೆಗೆ 30 ಅಡಿಯಂತೆ 60 ಅಡಿ ಹಗ್ಗ ಸಾಕಾಗುತ್ತದೆ. ಕೊಕ್ಕೆಗಳಿಗೆ ಹಳೆಯ ಟ್ಯೂಬಿನ ತುಂಡು ಸುತ್ತಿದರೆ ಬಣ್ಣ ಕೀಳುವುದಿಲ್ಲ.

ಒಂದೇ ಹಗ್ಗವನ್ನು ಎರಡೂ ಕೊಕ್ಕೆಗಳಲ್ಲಿ ಹಾಯಿಸಿದರೆ ಖರ್ಚು ಉಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಉಳಿಯುತ್ತದೆ, ಎಳೆಯುವ ಬಲವೂ ಇನ್ನಷ್ಟು ಕಡಿಮೆಯಾಗುತ್ತದೆ. ಆದರೆ ಸೈಕಲ್ಲಿನ ಎರಡು ಕಡೆಯ ತೂಕ ಸಮವಲ್ಲ. ಹಗುರಾದ ಕಡೆ ಮೊದಲು ಏರಿ ಮಾಳಿಗೆಗೆ ತಾಗುತ್ತದೆ, ಭಾರದ ಕಡೆ ಜೋತುಬಿದ್ದು ಸೈಕಲ್ಲು ವಾಲುತ್ತದೆ, ಕೊಕ್ಕೆ ಕಳಚಿಕೊಳ್ಳಲೂಬಹುದು. ಎರಡು ಹಗ್ಗಗಳನ್ನು ಒಂದೇ ಮುಷ್ಟಿಯಲ್ಲಿ ಹಿಡಿದು ಎಳೆದರೆ ಎರಡೂ ಕಡೆ ಸಮನಾಗಿ ಏರುತ್ತವೆ.

ಕೆಲಸದ ಜೀವಾಳ ಇರುವುದು ಮೇಲೆ ಎಲ್ಲಿ ಬಿಗಿದಿರಿ ಎಂಬುದರಲ್ಲಿ. ಹಳೆಯ ಮಾಳಿಗೆಯಾದರೆ ದಪ್ಪ ತೊಲೆಗೆ ಬಿಗಿಯಬೇಕು, ಮೇಲಿನ ಸಣ್ಣ ಜಂತಿಗಳಿಗೆ ಅಲ್ಲ. ತೊಲೆಯನ್ನು ಬಡಿದು ನೋಡಿ. ಒಳಗೆ ಗೆದ್ದಲು ತಿಂದಿದ್ದರೆ ಡಬ್ಬದ ಹಾಗೆ ಸಪ್ಪಳ ಬರುತ್ತದೆ. ಅಂಥ ತೊಲೆಗೆ ಟೋಪಿಯನ್ನೂ ತೂಗುಹಾಕಬಾರದು. ಗಟ್ಟಿ ತೊಲೆಗೆ ಆರಪಾರ ರಂಧ್ರ ಕೊರೆಸಿ, ಬಳೆಯಿರುವ ಬೋಲ್ಟು ಹಾಕಿ, ಮೇಲೆ ವಾಶರು ಮತ್ತು ನಟ್ಟು ಬಿಗಿಸುವುದು ಒಳ್ಳೆಯದು. ಮೊಳೆ ಹೊಡೆದು ತೂಗುಹಾಕುವುದು ಬೇಡ, ಎಳೆದಂತೆಲ್ಲ ಮೊಳೆ ಸಡಿಲಾಗುತ್ತದೆ. ಸಿಮೆಂಟಿನ ಸ್ಲ್ಯಾಬಾದರೆ ಆ್ಯಂಕರ್ ಬೋಲ್ಟು ಬೇಕು. ಗಿಲಾವು ಉದುರಿ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಣುವ ಸ್ಲ್ಯಾಬಿಗೆ ಕೈ ಹಚ್ಚಬಾರದು. ಪತ್ರಾಸಿನ ಶೆಡ್ಡಾದರೆ ಪತ್ರಾಸಿಗಾಗಲಿ ಅದರ ಹುಕ್ಕುಗಳಿಗಾಗಲಿ ಕಟ್ಟದೆ, ಕೆಳಗಿನ ದಪ್ಪ ಪೈಪಿಗೆ ಪಟ್ಟಿ ಬಿಗಿಸಬೇಕು.

ಬಡಿಗೇರನು ಗಟ್ಟಿಯಾಗಿದೆ ಎಂದು ಹೇಳಿದ ಮಾತ್ರಕ್ಕೆ ಸೈಕಲ್ಲು ಏರಿಸಬೇಡಿ. ನಮ್ಮಲ್ಲಿ ತೂಕ ಮಾಡದೆ ಮಾಲು ಒಳಗೆ ಬರುತ್ತದೆಯೇ? ಎರಡೂ ಕೊಕ್ಕೆಗಳಿಗೆ ಒಂದು ಗಟ್ಟಿ ಕೋಲನ್ನು ಅಡ್ಡ ಕಟ್ಟಿ, ಅದರ ನಡುವೆ 50 ಕಿಲೋ ಚೀಲ ತೂಗುಹಾಕಿ, ಇಬ್ಬರು ಸೇರಿ ನೆಲದಿಂದ ನಾಲ್ಕು ಬೆರಳು ಮೇಲೆತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೀಲ ಇದ್ದಲ್ಲಿಯೇ ಇದ್ದು, ಬೋಲ್ಟು ಅಲುಗದೆ, ತೊಲೆಯಲ್ಲಿ ಸೀಳು ಕಾಣದೆ ಇದ್ದರೆ ಸೈಕಲ್ಲು ಏರಿಸಲು ಅಡ್ಡಿಯಿಲ್ಲ.

ಹಗ್ಗದ ವಿಷಯದಲ್ಲಿ ಕೃಪಣತನ ಬೇಡ. ಚೀಲ ಹೊಲಿಯುವ ಸುತಳಿಯಾಗಲಿ ಬಟ್ಟೆ ಒಣಹಾಕುವ ದಾರವಾಗಲಿ ಈ ಕೆಲಸಕ್ಕೆ ಬಾರದು. 8 ಮಿಲಿಮೀಟರು ದಪ್ಪದ ಹೆಣೆದ ನೈಲಾನ್ ಹಗ್ಗ ಕೈಗೂ ಹಿತ, ತಡೆಯುತ್ತದೆಯೂ. ಹೊಸದರಲ್ಲಿ ಅದು ತುಸು ಜಗ್ಗಿ ಉದ್ದವಾಗುತ್ತದೆ, ಹೆದರಬೇಕಾಗಿಲ್ಲ. ಬಿಸಿಲು ಬೀಳುವ ಕಡೆ ಯಾವ ಪ್ಲಾಸ್ಟಿಕ್ ಹಗ್ಗವೂ ಕ್ರಮೇಣ ಪುಡಿಯಾಗುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಬಳಿಯುವಾಗ, ಹಗ್ಗವನ್ನು ಬೆರಳಲ್ಲಿ ಹಿಡಿದು ತುದಿಯಿಂದ ತುದಿಗೆ ನೋಡಿರಿ. ಎಳೆ ಕಿತ್ತಿದ್ದರೆ ಬದಲಿಸಿರಿ.

ಗೋಡೆಯಲ್ಲಿ ಹಗ್ಗ ಸುತ್ತಲು ಎರಡು ಕೊಂಬಿನ ದೊಡ್ಡ ಕಬ್ಬಿಣದ ಗೂಟವೊಂದು ಬೇಕು. ಅದು ಚಿಕ್ಕ ಮಕ್ಕಳ ಕೈಗೆ ಎಟುಕದಂತೆ 5 ಅಡಿ ಎತ್ತರದಲ್ಲಿರಲಿ. ಮೊದಲು ಬುಡಕ್ಕೆ ಒಂದು ಪೂರ್ತಿ ಸುತ್ತು, ಆಮೇಲೆ ಒಂದು ಕೊಂಬಿನಿಂದ ಇನ್ನೊಂದು ಕೊಂಬಿಗೆ ಅಡ್ಡಡ್ಡ ಮೂರು ನಾಲ್ಕು ಸುತ್ತು. ಇಷ್ಟಕ್ಕೇ ನಂಬಿ ಬಿಡಬಾರದು. ತೊಲೆಯಿಂದ ಬೇರೆಯೇ ಒಂದು ಗಿಡ್ಡ ಸರಪಳಿ ಇಳಿಬಿಟ್ಟು, ಏರಿಸಿದ ಮೇಲೆ ಅದನ್ನು ಸೈಕಲ್ಲಿನ ನಡುವಿನ ದಂಡಕ್ಕೆ ಸುತ್ತಿ ಸಿಕ್ಕಿಸಬೇಕು. ಹಗ್ಗ ಹರಿದರೂ ಗಂಟು ಬಿಚ್ಚಿದರೂ ಸರಪಳಿ ಹಿಡಿದುಕೊಳ್ಳುತ್ತದೆ. ತಲೆಯ ಮೇಲಿರುವುದು 20 ಕಿಲೋ ಕಬ್ಬಿಣ, ಕೆಳಗೆ ಓಡಾಡುವವರು ನಮ್ಮ ಮಕ್ಕಳು. ಏರಿಸುವಾಗ ಇಳಿಸುವಾಗ ಕೆಳಗೆ ಯಾರೂ ನಿಲ್ಲಬಾರದು. ಇಳಿಸುವಾಗ ಹಗ್ಗವನ್ನು ಮುಷ್ಟಿಯಲ್ಲಿ ಜಾರಲು ಬಿಟ್ಟರೆ ಅಂಗೈ ಸುಡುತ್ತದೆ. ಒಂದು ಕೈ ಹಿಡಿದ ಮೇಲೆ ಇನ್ನೊಂದು ಕೈ ಬಿಡಬೇಕು.

10 ಅಡಿ ಮಾಳಿಗೆಯಾದರೆ ಏರಿಸಿದ ಸೈಕಲ್ಲಿನ ಚಕ್ರ ನೆಲದಿಂದ ಐದೂವರೆ, ಆರು ಅಡಿ ಮೇಲಿರುತ್ತದೆ. ಎತ್ತರದವರ ಹಣೆಗೆ ತಾಗುವ ಅಳತೆಯದು. ಆದ್ದರಿಂದ ಜನ ಓಡಾಡುವ ದಾರಿಯ ಮೇಲೆ ಬೇಡ, ಸ್ಕೂಟರು ನಿಲ್ಲುವ ಜಾಗದ ಮೇಲೆ ಏರಿಸಿರಿ. ಟೈರುಗಳಿಗೂ ಇದರಿಂದ ಉಪಕಾರವಿದೆ. ಗಾಳಿ ಇಳಿದ ಟೈರಿನ ಮೇಲೆ ತಿಂಗಳುಗಟ್ಟಲೆ ನಿಂತ ಸೈಕಲ್ಲಿನ ರಬ್ಬರು ಸೀಳುತ್ತದೆ. ಮೇಲೆ ತೂಗುವಾಗ ಆ ಭಾರವೂ ಇಲ್ಲ, ನೆಲದ ತೇವವೂ ಇಲ್ಲ.

ಯಾವ ಸೈಕಲ್ಲನ್ನು ಏರಿಸಬೇಕು? ದಿನಾಲು ಶಾಲೆಗೆ ಹೋಗುವ ಹುಡುಗಿಯ ಸೈಕಲ್ಲು ಬಾಗಿಲ ಹತ್ತಿರ ನೆಲದ ಮೇಲೆಯೇ ಇರಲಿ. ವಾರಕ್ಕೊಮ್ಮೆ ಹತ್ತುವುದು, ರಜೆಗೆ ಬರುವ ಮಗನದು, ಅಪ್ಪನ ಕಾಲದ್ದು, ಇವು ಮೇಲೆ ಹೋಗಲಿ. ಹಳೆಯದಕ್ಕೆ ಈಗ ಬೆಲೆ ಬೇರೆ. 1951ರಲ್ಲಿ ಸೋನಿಪತದಲ್ಲಿ ಆರಂಭವಾದ ಅಟ್ಲಾಸ್ ಕಂಪನಿಯ ಕೊನೆಗುಳಿದಿದ್ದ ಸಾಹಿಬಾಬಾದ್ ಕಾರ್ಖಾನೆಯಲ್ಲಿ 2020ರ ಜೂನ್ 3ರಂದು ಕೆಲಸ ನಿಂತಿತು. ಅದು ವಿಶ್ವಸಂಸ್ಥೆ 2018ರಲ್ಲಿ ಸಾರಿದ ವಿಶ್ವ ಸೈಕಲ್ ದಿನವೇ ಆಗಿತ್ತು. ಅಂಥ ಒಂದು ಗಾಡಿ ಮನೆಯಲ್ಲಿದ್ದರೆ ಅದನ್ನು ಗುಜರಿಗೆ ಹಾಕುವ ಮೊದಲು ಮೇಲೆ ನೋಡಿರಿ, ಜಾಗವಿದೆ.

ಆದರೆ ಏರಿಸಿ ಮರೆತುಬಿಟ್ಟರೆ ಅದು ಅಟ್ಟದ ಮೇಲಿನ ಒಡಕು ತಪ್ಪಲೆಯೇ ಆಯಿತು. ಗಡಗಡಿ ಹಾಕಿಸುವುದು ಸೈಕಲ್ಲು ಸುಲಭವಾಗಿ ಕೆಳಗೆ ಬರಲಿ ಎಂದು. ಚೀಲ ಸರಿಸದೆ, ಆಳು ಕರೆಯದೆ, ಎರಡು ನಿಮಿಷದಲ್ಲಿ ಇಳಿಯುವ ಸೈಕಲ್ಲನ್ನು ಮನೆಯವರು ಹತ್ತುತ್ತಾರೆ. ಭಾನುವಾರಕ್ಕೊಮ್ಮೆ ಇಳಿಸಿ, ಗಾಳಿ ಹಾಕಿ, ಸರಪಳಿಗೆ ಎರಡು ಹನಿ ಎಣ್ಣೆ ಬಿಟ್ಟು ಮೊಮ್ಮಕ್ಕಳ ಕೈಗೆ ಕೊಡಿರಿ. ಇಡೀ ವರ್ಷ ಇಳಿಯದ ಸೈಕಲ್ಲು ಯಾವುದಾದರೂ ಇದ್ದರೆ, ಶಾಲೆಗೆ ನಡೆದು ಹೋಗುವ ಯಾವುದಾದರೊಂದು ಮಗುವಿಗೆ ಅದನ್ನು ಕೊಟ್ಟುಬಿಡಿರಿ. ಆಗ ಮೇಲಿನ ಜಾಗವೂ ಖಾಲಿಯಾಯಿತು, ಸೈಕಲ್ಲೂ ದಾರಿ ಹಿಡಿಯಿತು.